ಒಂದನೇ ವಲಯದ ಡಿಸ್ಕ್ ಮತ್ತು ಗುಳವ್ಯಾನ ಎಡಗೈ

ಓದುವ ಎಲ್ಲರಿಗೂ ನನ್ನ ನಮಸ್ಕಾರ. ನಾನು ಬರೆಯುವವನಲ್ಲ, ಟಿವಿ ಮತ್ತು ಡಿವಿಡಿ ಪ್ಲೇಯರ್ ರಿಪೇರಿ ಮಾಡುವವನು. ಶಾಲೆ ಮುಗಿಸಿದ್ದು ಮೀಸೆ ಬಂದು ಎಷ್ಟೋ ವರ್ಷದ ಮೇಲೆ, ಹೊರಗಿನಿಂದ ಪರೀಕ್ಷೆಗೆ ಕುಳಿತು. ಕನ್ನಡದಲ್ಲಿ ಟೈಪ್ ಮಾಡುವುದನ್ನು ಈಗೀಗ ಕಲಿತಿದ್ದೇನೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತು ಹೋಗುತ್ತದೆ. ತಪ್ಪುಗಳು ಇರುತ್ತವೆ. ಹೊಟ್ಟೆಗೆ ಹಾಕಿಕೊಂಡು ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ನನ್ನ ಅಂಗಡಿ ರಾಯಬಾಗದಲ್ಲಿದೆ. ನಾನು ಹೇಳುವುದು ಮನೆ ಮನೆಯಲ್ಲೂ ಡಿವಿಡಿ ಪ್ಲೇಯರ್ ಇದ್ದ ಕಾಲದ ಮಾತು. ಇಂಟರ್‌ನೆಟ್ ಇರುವ ಫೋನು ಆಗಿನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ದಸರೆ ಮುಗಿದು ಕಬ್ಬಿನ ಗಾಣಗಳು ಶುರುವಾಗುವ ದಿನಗಳು. ಅಲಖನೂರ ಕಡೆಯಿಂದ ಒಬ್ಬ ಅಕ್ಕ ಬಂದರು. ನನಗಿಂತ ವಯಸ್ಸಿನಲ್ಲಿ ಹಿರಿಯರು, ಹೊಲದ ಕೆಲಸದಿಂದ ನೇರವಾಗಿ ಬಂದಂತೆ ಕಾಣುತ್ತಿತ್ತು. ಸೆರಗಿನಲ್ಲಿ ಸುತ್ತಿದ್ದ ಒಂದು ಡಿಸ್ಕನ್ನು ತೆಗೆದು ಮೇಜಿನ ಮೇಲೆ ಇಟ್ಟರು.

"ತಮ್ಮಾ, ಇದನ್ನಿಷ್ಟು ಹಚ್ಚಿ ತೋರಸ್ತಿ ಏನ್? ಊರಾಗ ಯಾರ ಮನ್ಯಾಗ ಹಚ್ಚಿದ್ರೂ ಹತ್ತವಲ್ದು."

"ಯಾವ ಪಿಚ್ಚರ್ರೀ ಅಕ್ಕಾರ?"

"ಪಿಚ್ಚರ್ ಅಲ್ಲೋ ಯಪ್ಪಾ. ಕೈ."

"ಏನ್ ಕೈ?"

"ನಮ್ಮ ಮನ್ಯಾಂವ್ರ ಕೈ."

ನನಗೆ ತಿಳಿಯಲಿಲ್ಲ. ಅವರು ಕುಳಿತು ಬಿಡಿಸಿ ಹೇಳಿದರು. ಅವರ ಗಂಡ ಗುಳವ್ಯಾ. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು, ಕಬ್ಬಿನ ಹಾಲು ಕುದಿದು ಪಾಕವಾಗಿ ಬೆಲ್ಲಕ್ಕೆ ಬಂದ ಹದ ಹೇಳುವವನಿಗೆ ನಮ್ಮ ಕಡೆ ಗುಳವ್ಯಾ ಅನ್ನುತ್ತಾರೆ. ಅವನು "ಇಳಸ್ರಿ" ಅನ್ನುವತನಕ ಯಾರೂ ಕೊಪ್ಪರಿಗೆ ಮುಟ್ಟುವಂತಿಲ್ಲ. ಹಿಂದಿನ ಹಂಗಾಮಿನಲ್ಲಿ, ಗಾಣಕ್ಕೆ ಕಬ್ಬು ಕೊಡುತ್ತಿದ್ದ ಆಳಿಗೆ ಸಹಾಯ ಮಾಡಲು ಹೋಗಿ, ಅವರ ಎಡಗೈ ಮಣಿಕಟ್ಟಿನಿಂದ ಮೇಲೆ ಅರ್ಧದವರೆಗೆ ಗಾಣದ ಉರುಳಿಗೆ ಸಿಕ್ಕಿ ಹೋಯಿತು.

ಆಮೇಲೆ ಚಿಕ್ಕೋಡಿಯಲ್ಲಿ ಒಂದು ಶಿಬಿರವಾಯಿತು. ಹೊರದೇಶದಿಂದ ಬಂದ ಕೃತಕ ಕೈಗಳನ್ನು ಪುಕ್ಕಟೆ ಜೋಡಿಸಿ ಕೊಟ್ಟರು. ಇವರಿಗೂ ಒಂದು ಸಿಕ್ಕಿತು. ಕೈ ಅಂದರೆ ಬೆರಳು ಇರುವ ಕೈ ಅಲ್ಲ. ತುದಿಯಲ್ಲಿ ಉಕ್ಕಿನ ಎರಡು ಕೊಕ್ಕೆ, ಹಕ್ಕಿಯ ಕೊಕ್ಕಿನಂತೆ ಬಾಯಿ ಮುಚ್ಚಿಕೊಂಡಿರುತ್ತವೆ. ಅದರಿಂದ ಒಂದು ತಂತಿ ಮೇಲಕ್ಕೆ ಹೋಗಿ ಹೆಗಲಿಗೆ ಹಾಕುವ ಪಟ್ಟಿಗೆ ಸೇರಿದೆ. ಹೆಗಲನ್ನು ಮುಂದಕ್ಕೆ ತಂದರೆ ತಂತಿ ಜಗ್ಗಿ ಕೊಕ್ಕೆ ಬಾಯಿ ತೆರೆಯಬೇಕು. ಹೆಗಲು ಸಡಿಲ ಬಿಟ್ಟರೆ ಮುಚ್ಚಿ ವಸ್ತುವನ್ನು ಹಿಡಿಯಬೇಕು. ಶಿಬಿರದಲ್ಲಿ ಹಾಕಿಕೊಟ್ಟಾಗ ಚೆನ್ನಾಗಿ ತೆರೆಯುತ್ತಿತ್ತಂತೆ. ಮನೆಗೆ ಬಂದು ಸ್ನಾನಕ್ಕೆಂದು ಬಿಚ್ಚಿ ಮತ್ತೆ ಹಾಕಿದ ಮೇಲೆ ಒಂದು ಸಲವೂ ತೆರೆಯಲಿಲ್ಲ. ಶಿಬಿರದವರು ಆಗಲೇ ಬೇರೆ ಜಿಲ್ಲೆಗೆ ಹೋಗಿಬಿಟ್ಟಿದ್ದರು. ಮರೆತರೆ ಇದನ್ನು ಹಾಕಿ ನೋಡಿ ಎಂದು ಅವರು ಕೊಟ್ಟಿದ್ದೇ ಈ ಡಿಸ್ಕು.

"ಗಾಣದ ಸಾವಕಾರ್ರು ಖರೇ ಛಲೋ ಮನಷ್ಯಾರು," ಅಂದರು ಅಕ್ಕ. "ಆದ್ರ ಅವರ ಹೇಳೂದೂ ಖರೇನ ಐತಿ. ಒಂದ ಕೈಲೆ ಹುಟ್ಟು ಹಿಡದು ಕುದಿಯೋ ಕೊಪ್ಪರಿಗಿ ಮುಂದ ನಿಂತ್ರ, ತ್ವಾಲ ತಪ್ಪಿ ಒಳಗ ಬಿದ್ದಾನು ಅಂತಾರ. ಗಾಣದ ಪೂಜಿ ದಿವಸ ಮೊದಲನೇ ಕೊಪ್ಪರಿಗಿ ಇಳಸೂತನಕ ಹುಟ್ಟು ಹಿಡಕೊಂಡ ನಿಂತು ತೋರಸ್ಲಿ, ಈ ವರ್ಷನೂ ಅವನ ಗುಳವ್ಯಾ. ಇಲ್ಲಂದ್ರ ಕೊಲ್ಲಾಪೂರ ಕಡೇಂದ ಬ್ಯಾರೆದಾಂವನ್ನ ಕರಸ್ತೀನಿ ಅಂದಾರ."

"ಪೂಜಿ ಯಾವಾಗ್ರೀ?"

"ದೀಪಾವಳಿ ಪಾಡ್ಯಾ ಮುಗದ ಮರುದಿನ."

ಹೆಚ್ಚು ದಿನ ಇರಲಿಲ್ಲ. ಹುಟ್ಟು ಅಂದರೆ ಪಾಕ ತಿರುವುವ ಉದ್ದ ಹಿಡಿಕೆಯ ಕಟ್ಟಿಗೆಯ ಸಲಕರಣೆ, ದೋಣಿಯ ಹುಟ್ಟಿನಂತೆಯೇ ಇರುತ್ತದೆ. ಅದನ್ನು ಎರಡು ಕೈಯಿಂದ ಹಿಡಿಯುವವರೇ ಸುಸ್ತಾಗುತ್ತಾರೆ.

ನಾನು ಡಿಸ್ಕನ್ನು ಒರೆಸಿ ನನ್ನ ಅಂಗಡಿಯ ಒಳ್ಳೆ ಪ್ಲೇಯರಿಗೆ ಹಾಕಿದೆ. ಹೆಸರುವಾಸಿ ಕಂಪನಿಯದು, ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡಿದ್ದು. ಡಿಸ್ಕ್ ತಿರುಗಿತು, ನಿಂತಿತು. ಈ ಡಿಸ್ಕ್ ನಿಮ್ಮ ವಲಯದ್ದಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಡಿಸ್ಕಿನ ಮೇಲ್ಮೈಯಲ್ಲಿ ಒಂದು ಪುಟ್ಟ ಭೂಗೋಳದ ಚಿತ್ರ, ಅದರ ನಡುವೆ ಒಂದು ಎಂಬ ಅಂಕಿ. ನನ್ನ ಪ್ಲೇಯರಿನ ಬೆನ್ನು ತಿರುಗಿಸಿ ನೋಡಿದೆ. ಅಲ್ಲಿಯೂ ಅದೇ ಭೂಗೋಳ, ನಡುವೆ ಐದು.

ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಡಿವಿಡಿ ಮಾಡುವ ಕಂಪನಿಗಳು ಪ್ರಪಂಚವನ್ನು ವಲಯ ವಲಯವಾಗಿ ಹಂಚಿಕೊಂಡಿವೆ. ಅಮೆರಿಕ ಒಂದನೆಯದು, ನಾವು ಐದನೆಯದು. ಒಂದು ವಲಯದ ಡಿಸ್ಕು ಇನ್ನೊಂದು ವಲಯದ ಯಂತ್ರದಲ್ಲಿ ಓಡದಂತೆ ಬೀಗ ಹಾಕಿರುತ್ತಾರೆ. ಸಿನೆಮಾ ಒಂದು ದೇಶದಲ್ಲಿ ಮೊದಲು, ಇನ್ನೊಂದರಲ್ಲಿ ಆಮೇಲೆ ಬಿಡುಗಡೆಯಾಗುತ್ತದಲ್ಲ, ಅದಕ್ಕಾಗಿ ಮಾಡಿದ ವ್ಯವಸ್ಥೆ ಅನ್ನುತ್ತಾರೆ. ಅವರಿಗೆ ಅವರ ಕಾರಣ ಇರಬಹುದು. ಕೈ ಹಾಕಿಕೊಳ್ಳುವುದನ್ನು ಕಲಿಸುವ ಡಿಸ್ಕಿಗೂ ಅದೇ ಬೀಗ ಬಿದ್ದಿತ್ತು. ಯಾರೂ ಬೇಕೆಂದು ಹಾಕಿರಲಿಕ್ಕಿಲ್ಲ. ಕಾರ್ಖಾನೆಯಲ್ಲಿ ಎಲ್ಲದಕ್ಕೂ ಹಾಕಿದಂತೆ ಇದಕ್ಕೂ ಹಾಕಿರಬೇಕು.

"ಹತ್ತೂದಿಲ್ಲೇನೋ ತಮ್ಮಾ?"

"ಹತ್ತತೈತ್ರಿ. ಇಷ್ಟು ಟೈಮ್ ಕೊಡ್ರಿ," ಅಂದುಬಿಟ್ಟೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ನಮ್ಮ ಕಸುಬಿನವರಲ್ಲಿ ಒಂದು ಮಾತು ಓಡಾಡುತ್ತಿತ್ತು. ಪ್ಲೇಯರಿನ ತಟ್ಟೆ ಹೊರಗೆ ತೆಗೆದಿಟ್ಟು, ರಿಮೋಟಿನಲ್ಲಿ ಗುಪ್ತ ಅಂಕಿಗಳನ್ನು ಒತ್ತಿದರೆ ಒಂದು ಮರೆಯ ಪಟ್ಟಿ ತೆರೆಯುತ್ತದೆ, ಅಲ್ಲಿ ವಲಯವನ್ನು ಬದಲಿಸಬಹುದು ಎಂದು. ಇಂಟರ್‌ನೆಟ್ ಅಂಗಡಿಗೆ ಹೋಗಿ ಹುಡುಕಿದೆ. ಎಷ್ಟೋ ಯಂತ್ರಗಳ ಅಂಕಿಗಳು ಸಿಕ್ಕವು. ನನ್ನ ಯಂತ್ರದ್ದು ಮಾತ್ರ ಇರಲಿಲ್ಲ. ಅದರ ಅಣ್ಣತಮ್ಮಂದಿರಂಥ ಮಾದರಿಗಳ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡು ಬಂದೆ. ಒಂದೊಂದಾಗಿ ಒತ್ತಿದೆ. ಮೊದಲನೆಯದಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೂ ಆಗಲಿಲ್ಲ. ಮೂರನೆಯದಕ್ಕೆ ಪರದೆಯ ಮೇಲಿನ ಅಕ್ಷರಗಳೆಲ್ಲ ಯಾವುದೋ ದೇಶದ ಭಾಷೆಗೆ ತಿರುಗಿದವು. ಚೀನಿಯೋ ಜಪಾನಿಯೋ, ಇವತ್ತಿಗೂ ಗೊತ್ತಿಲ್ಲ. ಅದನ್ನು ಇಂಗ್ಲಿಷಿಗೆ ವಾಪಸ್ ತರಲು ಎಲ್ಲಿ ಒತ್ತಬೇಕೆಂದು ತಿಳಿಯದೆ ಒಂದು ದಿನವೇ ಹಾಳಾಯಿತು. ಅಂಗಡಿಗೆ ಬಂದ ಗಿರಾಕಿಗಳು, "ಏನ್ರೀ, ಅಂಗಡಿ ಚೀನಾದವ್ರಿಗೆ ಮಾರಿದ್ರೇನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಇನ್ನೊಂದು ದಾರಿ ಇತ್ತು. ಪ್ಲೇಯರಿನ ಒಳಗಿನ ತಂತ್ರಾಂಶವನ್ನೇ ಬದಲಿಸುವುದು. ಅದರ ಫೈಲನ್ನು ಸೀಡಿಗೆ ಬರೆದು ಯಂತ್ರಕ್ಕೆ ತಿನ್ನಿಸಿದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ. ನಡುವೆ ಮಾತ್ರ ಕರೆಂಟ್ ಹೋಗಬಾರದು. ನಾನು ಹೆಸ್ಕಾಂ ಲೈನ್‌ಮನ್ನನ್ನು ಕೇಳಿಕೊಂಡೇ ಕುಳಿತೆ. "ಮಧ್ಯಾಹ್ನ ತನಕ ಚಿಂತಿಲ್ಲ, ಹಾಕ್ಕೋರಿ" ಅಂದಿದ್ದ. ಸೀಡಿ ಹಾಕಿದೆ. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ನಿಧಾನಕ್ಕೆ ತುಂಬುತ್ತ ಹೊರಟಿತು. ಅರ್ಧ ದಾಟಿತ್ತು. ಎದುರಿನ ಹಿಟ್ಟಿನ ಗಿರಣಿಯ ಸದ್ದು ಒಮ್ಮೆಲೇ ನಿಂತಿತು. ಗಿರಣಿ ನಿಂತರೆ ಏನರ್ಥ ಎಂದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು.

ಎಲ್ಲೋ ತಂತಿಯ ಮೇಲೆ ಟೊಂಗೆ ಬಿದ್ದಿತ್ತಂತೆ. ಲೈನ್‌ಮನ್ನನ ತಪ್ಪೂ ಅಲ್ಲ. ಕರೆಂಟ್ ಬಂದಾಗ ಪ್ಲೇಯರಿನ ಕೆಂಪು ದೀಪ ಹತ್ತಿತು, ಅಷ್ಟೇ. ತಟ್ಟೆಯೂ ಹೊರಗೆ ಬರಲಿಲ್ಲ. ಅಕ್ಕನ ಡಿಸ್ಕು ಪುಣ್ಯಕ್ಕೆ ಹೊರಗಿತ್ತು. ಯಂತ್ರ ಸತ್ತಿತು. ಬಿಚ್ಚಿ ನೋಡಿದೆ, ನನ್ನ ಕೈಯಲ್ಲಿ ಆಗುವಂಥದ್ದಲ್ಲ. ಅಂದು ಅಂಗಡಿಯ ಬಾಗಿಲು ಬೇಗ ಎಳೆದು ಮನೆಗೆ ಹೋಗಿ ಮಲಗಿದೆ.

ಮರುದಿನ ಅಕ್ಕ ಬಂದರು. ಕೇಳದಿದ್ದರೂ ಬಿಚ್ಚಿಟ್ಟ ಯಂತ್ರವನ್ನೂ ನನ್ನ ಮುಖವನ್ನೂ ನೋಡಿಯೇ ತಿಳಿದುಕೊಂಡರು.

"ನಿಂದೂ ಕೈ ಹೋತಲ್ಲೋ ತಮ್ಮಾ," ಅಂದರು. ಬೇಜಾರಿನಲ್ಲೇ ಅಂದರು. ಆದರೆ ಇಬ್ಬರಿಗೂ ನಗು ಬಂತು. "ಬಿಟ್ಟಬಿಡು. ನಮ್ಮ ದೈವದಾಗ ಇಲ್ಲಂದ್ರ ಇಲ್ಲ."

"ಇನ್ನೊಂದ ಕಡೆ ನೋಡ್ತೀನ್ರಿ."

"ಅವ್ರು ದಿನಾ ಗ್ವಾಡಿ ಕಡೆ ಮುಖಾ ಮಾಡಿ ಕುಂದರ್ತಾರ. ಆ ಕೈ ಗೂಟಕ್ಕ ಜೋತಾಡತೈತಿ. ನಾ ಹೊಲಕ್ಕ ಹೋಗೂ ಮುಂದ ಧೋತರ ಉಡಿಸಿ, ಅಂಗಿ ಗುಂಡಿ ಹಾಕಿ ಹೋಗ್ತೀನಿ. ಮಾತಾಡೂದ ಬಿಟ್ಟಾರ," ಅಂದು ಎದ್ದು ಹೋದರು.

ಚಿಕ್ಕೋಡಿಯಲ್ಲಿ ನನ್ನ ದೋಸ್ತ ಒಬ್ಬ ಫೋಟೋ ಸ್ಟುಡಿಯೋ ಇಟ್ಟಿದ್ದ. ಮದುವೆ ವಿಡಿಯೋ ಕೆಲಸಕ್ಕೆ ಕಂಪ್ಯೂಟರ್ ಇತ್ತು. ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಡಿಸ್ಕ್ ಹಾಕಿದ ಕೂಡಲೇ ಒಂದು ಪೆಟ್ಟಿಗೆ ಪರದೆಯ ಮೇಲೆ ಬಂತು. ಈ ಡ್ರೈವಿನ ವಲಯವನ್ನು ಇನ್ನು ಒಂದೇ ಸಲ ಬದಲಿಸಬಹುದು, ಆಮೇಲೆ ಎಂದಿಗೂ ಆಗುವುದಿಲ್ಲ ಎಂದು ಬರೆದಿತ್ತು. ಕಂಪ್ಯೂಟರಿನ ಡ್ರೈವಿಗೆ ಹೀಗೆ ಐದು ಸಲದ ಮಿತಿ ಇರುತ್ತದೆ. ಉಳಿದ ನಾಲ್ಕನ್ನು ನಮ್ಮ ದೋಸ್ತ ಓದದೇ ಒತ್ತಿ ಮುಗಿಸಿದ್ದ.

"ಏನೇನೋ ಕೇಳ್ತೈತಿ, ನಾ ಹೂಂ ಅಂತ ಒತ್ತಿ ಬಿಡ್ತೀನಿ," ಅಂದ. "ನೀನೂ ಒತ್ತಲೇ. ಏನಾಗ್ತೈತಿ?"

"ಒತ್ತಿದ್ರ ನಿನ್ನ ಮಷಿನ್ ಖಾಯಂ ಅಮೆರಿಕಾದ್ದು ಆಗ್ತೈತಿ."

"ಆಗ್ಲಿ ಬಿಡು. ನಮ್ಮ ಖಾನದಾನದಾಗ ಒಬ್ರಾದ್ರೂ ಅಮೆರಿಕಾದಾವ್ರು ಆದ್ರಲ್ಲ."

"ಚಾಷ್ಟಿ ಬಿಡೋ. ನಿನ್ನ ಅಂಗಡ್ಯಾಗಿನ ಹಾಡಿನ ಡಿಸ್ಕ್ ಎಲ್ಲಾ ನಮ್ಮ ಕಡೇವು. ನಾಳಿಂದ ಒಂದೂ ಹಾಡೂದಿಲ್ಲ."

"ಒಂದೂನೂ?"

"ಕಂಪನಿ ಬೀಗ ಇದ್ದದ್ದು ಒಂದೂ ಇಲ್ಲ."

ಅವನು ಹಾಡಿನ ಡಿಸ್ಕುಗಳ ಕಡೆ ಒಮ್ಮೆ ನೋಡಿ, "ಪಾಪ ಗುಳವ್ಯಾನ ಸಲುವಾಗಿ ಅಂತಿ. ಒತ್ತು," ಅಂದ. ಮನಸ್ಸಿನಿಂದಲೇ ಅಂದ. ಮದುವೆ ಸುಗ್ಗಿ ಮುಂದೆ ಇತ್ತು. ಅವನ ಹೊಟ್ಟೆ ತುಂಬುವುದು ಅದರಿಂದಲೇ.

ನಾನು ಮೌಸ್ ಹಿಡಿದು ಕುಳಿತಿದ್ದೆ. ಬೆರಳು ಒತ್ತುವುದಕ್ಕೆ ತಯಾರಿತ್ತು. ಆದರೆ ನನಗೆ ಅರ್ಧ ತುಂಬಿ ನಿಂತ ಆ ಗೆರೆ ಕಣ್ಣ ಮುಂದೆ ಬಂತು. ಒಂದು ಯಂತ್ರ ಕೊಂದಿದ್ದೆ, ಅದು ನನ್ನದು. ಇನ್ನೊಬ್ಬನ ಯಂತ್ರದ ಕೊನೆಯ ಅವಕಾಶವನ್ನು, ಅದೂ ಅವನು ನಗುತ್ತ ಕೊಟ್ಟಾಗ, ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಬೇಡ ಎಂಬುದನ್ನು ಒತ್ತಿ ಡಿಸ್ಕ್ ಹೊರಗೆ ತೆಗೆದೆ. ಅಲ್ಲಿಯೇ, ಅವನು ತರಿಸಿದ ಚಹಾ ಕುಡಿಯುತ್ತ, ಒಂದು ವಿಚಾರ ಬಂತು. ಇಷ್ಟು ದಿನ ನಾನು ಬೀಗ ಒಡೆಯುವುದಕ್ಕೇ ಹೊರಟಿದ್ದೆ. ಬೀಗವೇ ಇಲ್ಲದ ಬಾಗಿಲು ಎಲ್ಲಿಯಾದರೂ ಇದೆಯೇ ಎಂದು ನೋಡಿರಲೇ ಇಲ್ಲ. ಹೆಸರುವಾಸಿ ಕಂಪನಿಯವರು ನಿಯಮ ಪಾಲಿಸುತ್ತಾರೆ. ಹೆಸರೇ ಇಲ್ಲದ ಕಂಪನಿಯವರಿಗೆ ಯಾವ ನಿಯಮ?

ಅಂಥ ಮಾಲು ನಿಪ್ಪಾಣಿಯಲ್ಲಿ ಸಿಗುತ್ತಿತ್ತು. ಕೊಲ್ಲಾಪುರ ಕಡೆಯಿಂದ ಬರುತ್ತಿತ್ತು. ಅಲ್ಲಿಂದಲೇ ನಿಪ್ಪಾಣಿ ಬಸ್ ಹತ್ತಿದೆ. ಪೇಟೆಯ ಸಂದಿಯಲ್ಲಿ ಒಂದು ಅಂಗಡಿ. ಮಾಲೀಕ ನನ್ನನ್ನು ನೋಡಿ ಮರಾಠಿಯಲ್ಲಿ "ಕಾಯ್ ಪಾಹಿಜೆ?" ಅಂದವನು, ನನ್ನ ಮುಖ ಕಂಡು ಕನ್ನಡಕ್ಕೆ ಬಂದ.

"ಏನ್ ಬೇಕ್ರಿ ಪಾವ್ಹಣ್ಯಾ?"

"ಬ್ಯಾರೆ ದೇಶದ ಡಿಸ್ಕ್ ಹಾಡೂವಂಥ ಪ್ಲೇಯರ್ ಐತೇನ್ರಿ?"

"ಅಹೋ, ಇದಕ್ಕ ದೇಶ ಅಂದ್ರ ಏನಂತನ ಗೊತ್ತಿಲ್ರಿ. ಆಡ ಇದ್ದಂಗ ಐತಿ. ಏನ್ ಹಾಕಿದ್ರೂ ತಿಂತೈತಿ," ಎಂದು ಒಂದು ಬೆಳ್ಳಿ ಬಣ್ಣದ ತೆಳುವಾದ ಪೆಟ್ಟಿಗೆ ತೆಗೆದ. ಕೈಯಲ್ಲಿ ಹಿಡಿದರೆ ಒಳಗೆ ಏನೂ ಇಲ್ಲವೇನೋ ಅನ್ನುವಷ್ಟು ಹಗುರ. ಬೆನ್ನ ಮೇಲೆ ಭೂಗೋಳದ ಚಿತ್ರವೇ ಇರಲಿಲ್ಲ.

ಡಿಸ್ಕ್ ಹಾಕಿದ. ತಿರುಗಿತು. ಎಚ್ಚರಿಕೆಯ ಮಾತು ಬರಲಿಲ್ಲ, ಚಿತ್ರವೇ ಬಂತು. ಆದರೆ ಬಣ್ಣವಿಲ್ಲ, ಬರೀ ಕಪ್ಪು ಬಿಳುಪು, ಅದೂ ಕೆಳಗಿನಿಂದ ಮೇಲಕ್ಕೆ ಉರುಳುತ್ತಿತ್ತು. ಒಬ್ಬ ಮನುಷ್ಯನ ತಲೆ ಕೆಳಗೆ, ಕಾಲು ಮೇಲೆ.

"ಡಿಸ್ಕ್ ಖರಾಬ್ ಐತ್ರಿ," ಅಂದ ಅಂಗಡಿಯವ.

ಅಲ್ಲಿ ಮಾತ್ರ ನನ್ನ ಕಸುಬು ನನಗೆ ನೆರವಿಗೆ ಬಂತು. ಅಮೆರಿಕದ ಟಿವಿ ಚಿತ್ರದ ಗೆರೆಗಳ ಲೆಕ್ಕ ಬೇರೆ, ನಮ್ಮದು ಬೇರೆ. ವಲಯದ ಬೀಗ ಹೋದರೂ ಈ ತೊಡಕು ಉಳಿಯುತ್ತದೆ. ಹಳೆಯ ಟಿವಿಗೆ ಆ ಚಿತ್ರ ಹೀಗೆಯೇ ಉರುಳುತ್ತದೆ. ಅಂಥ ಅಗ್ಗದ ಪ್ಲೇಯರುಗಳ ರಿಮೋಟಿನಲ್ಲಿ ಪಿ ಮತ್ತು ಎನ್ ಎಂಬ ಎರಡಕ್ಷರದ ಒಂದು ಗುಂಡಿ ಇರುತ್ತದೆ. ಯಾರೂ ಅದನ್ನು ಮುಟ್ಟುವುದಿಲ್ಲ. ನಾನು ಒತ್ತಿದೆ. ಪರದೆ ಒಮ್ಮೆ ಕಪ್ಪಾಯಿತು. ಇನ್ನೊಮ್ಮೆ ಒತ್ತಿದೆ. ಚಿತ್ರ ನಿಂತಿತು. ಬಣ್ಣ ಬಂತು. ನೀಲಿ ಅಂಗಿ ಹಾಕಿಕೊಂಡ ಒಬ್ಬ ಪರದೇಶಿ ಮನುಷ್ಯ, ಎಡಗೈಯ ಜಾಗದಲ್ಲಿ ಅದೇ ಕೊಕ್ಕೆ, ನಮ್ಮನ್ನು ನೋಡಿ ನಗುತ್ತಿದ್ದ.

ಚೌಕಾಸಿ ಮಾಡದೆ ದುಡ್ಡು ಎಣಿಸಿ ಕೊಟ್ಟೆ. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ರಾಯಬಾಗದ ಬಸ್ ಹಿಡಿದೆ.

ಮರುದಿನ ಅಲಖನೂರ ಕಡೆ ಹೋದೆ. ಹೊಲದಲ್ಲೇ ಅವರ ಮನೆ. ಅವರ ಹಳೆಯ ಟಿವಿಗೆ ಪ್ಲೇಯರ್ ಜೋಡಿಸಿದೆ. ಗೂಟಕ್ಕೆ ಆ ಕೈ ನೇತಾಡುತ್ತಿತ್ತು, ಪಟ್ಟಿಗಳೆಲ್ಲ ಗಂಟು ಬಿದ್ದು. ಗುಳವ್ಯಾ ಮಾಮಾ ಅಕ್ಕ ಹೇಳಿದ ಹಾಗೆಯೇ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು.

"ಮಾಮಾ, ಡಿಸ್ಕ್ ಹತ್ತತೈತ್ರಿ. ನೋಡ್ಬರ್ರಿ."

"ನೋಡೂದೇನೈತಿ ತಮ್ಮಾ? ಕೈ ಹೋಗೂದನ್ನ ಕಣ್ಣಾರೆ ನೋಡೀನಿ. ಬರೂದನ್ನೇನ್ ನೋಡ್ಲಿ?"

"ಏಳ್ರಿ ಸಾಕು," ಅಂದರು ಅಕ್ಕ. "ಅಂವ ನಾಕ ಊರ ತಿರಗಿ ಬಂದಾನ. ಅವನ ಮಾರಿಗೆ ಬೆಲೆ ಕೊಟ್ಟಾದ್ರೂ ಏಳ್ರಿ."

ಅವರು ಎದ್ದು ಬಂದು ಕುಳಿತರು. ಪರದೆಯ ಮೇಲಿನವನು ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದ. ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು, ಅವರಿಗೆ ಏನೂ ಇಲ್ಲ. ಅವನು ಕೊಕ್ಕೆಯಿಂದ ಫ್ರಿಜ್ಜಿನ ಬಾಗಿಲು ತೆರೆದ. ತತ್ತಿ ತೆಗೆದು ಒಡೆದ. ಬೂಟಿನ ಲಾಡಿ ಕಟ್ಟಿದ. ಕಾರು ಓಡಿಸಿದ.

"ಇವಂಗ ಹೇಣ್ತಿ ಇಲ್ಲೇನು? ತತ್ತಿನೂ ತಾನ ಒಡಿಯಾಕತ್ತಾನಲ್ಲ," ಅಂದರು ಮಾಮಾ. ಎಷ್ಟೋ ದಿನದ ಮೇಲೆ ಬಂದ ಚೇಷ್ಟೆಯ ಮಾತಂತೆ ಅದು.

"ಅದಾಳ್ರಿ. ಕ್ಯಾಮರಾ ಹಿಡಕೊಂಡ ನಿಂತಿರಬೇಕು," ಅಂದರು ಅಕ್ಕ.

ಕೊಕ್ಕೆ ಹೇಗೆ ತೆರೆಯುತ್ತದೆ ಎಂಬುದು ಮಾತ್ರ ಕಾಣಲಿಲ್ಲ, ಎಲ್ಲವೂ ಅಂಗಿಯ ಒಳಗೆ. ಅವನು ಹೆಗಲು ಮುಂದೆ ತರುತ್ತಾನೆ, ತೆರೆಯುತ್ತದೆ. ಮಾಮಾಗೆ ಹಾಗೆ ಮಾಡಿ ಮಾಡಿ ಸಾಕಾಗಿತ್ತು. ಕೈಯೇ ಕೆಟ್ಟಿದೆಯೇನೋ ಎಂದು ನನಗೂ ಅನ್ನಿಸತೊಡಗಿತು. ಆಗ ಚಿತ್ರದಲ್ಲಿ ಬೆಳಗಾಯಿತು. ಅವನು ಬರಿಮೈಯಲ್ಲಿ ಮಂಚದ ಮೇಲೆ ಕುಳಿತಿದ್ದ. ಕೈಯನ್ನು ಎತ್ತಿ, ಬನಿಯನ್ ಹಾಕಿಕೊಳ್ಳುವಂತೆ ಪಟ್ಟಿಗಳನ್ನು ತಲೆಯ ಮೇಲಿಂದ ಇಳಿಸಿ, ಎದ್ದು ಕಿಟಕಿಯ ಕಡೆ ತಿರುಗಿದ.

"ನಿಲ್ಲಸ್! ತಮ್ಮಾ, ನಿಲ್ಲಸ್ ಅದನ್ನ!" ಅಕ್ಕ ಕೂಗಿದರು.

ನಿಲ್ಲಿಸಿದೆ. ಪರದೆಯ ತುಂಬ ಅವನ ಬೆನ್ನು. ಪಟ್ಟಿಗಳು ಹಾದು ಹೋಗುವಲ್ಲಿ ಉಕ್ಕಿನ ಒಂದು ಬಳೆ, ಎರಡು ಹೆಗಲ ಮೂಳೆಗಳ ನಟ್ಟನಡುವೆ ಕುಳಿತಿತ್ತು, ಪಕ್ಕದಲ್ಲೇ ಪಟ್ಟಿ ಬಿಗಿಯುವ ಬಕ್ಕಲು.

"ಬೆನ್ನ ಮ್ಯಾಲ ಐತಲ್ಲೋ ಅದು!" ಅಂದರು. ಆಮೇಲೆ ಮೆಲ್ಲಗೆ, "ನಾ ಎದಿ ಮ್ಯಾಲ ಕಟ್ಟಾಕತ್ತಿದ್ನಿ."

ನನಗೆ ಅರ್ಥವಾಯಿತು. ನಮ್ಮ ಕಡೆ ಎತ್ತಿಗೆ ಗೆಜ್ಜೆಪಟ್ಟಿ ಕಟ್ಟುವಾಗ ಬಕ್ಕಲು ಕೆಳಗೆ, ಎದೆಯ ಕಡೆಗೆ, ಕಣ್ಣಿಗೆ ಕಾಣುವಂತೆ ಇರಬೇಕು. ಮೇಲೆ ಕಟ್ಟಿದರೆ ನೊಗ ತಾಗಿ ಹುಣ್ಣಾಗುತ್ತದೆ. ಅಕ್ಕ ಹುಟ್ಟಿದಾಗಿನಿಂದ ಎತ್ತಿಗೆ ಪಟ್ಟಿ ಕಟ್ಟಿದವರು. ಗಂಡನಿಗೂ ಹಾಗೆಯೇ ಬಳೆ ಎದೆಗೆ ಬರುವಂತೆ, ಬಹಳ ಕಾಳಜಿಯಿಂದ, ದಿನವೂ ಬಿಗಿದಿದ್ದರು. ಬಳೆ ಎದೆಯ ಮೇಲಿದ್ದರೆ ಹೆಗಲು ಮುಂದೆ ತಂದಂತೆ ತಂತಿ ಇನ್ನೂ ಸಡಿಲಾಗುತ್ತದೆ. ತೆರೆಯುವುದು ಹೇಗೆ?

"ನನ್ನ ಎತ್ತು ಅಂತ ತಿಳದಿಯೇನಬೇ?" ಅಂದರು ಮಾಮಾ.

"ಎತ್ತಾದ್ರ ಇಷ್ಟ ಹಠಾ ಮಾಡತಿರಲಿಲ್ಲ," ಅಂದರು ಅಕ್ಕ, ಕಣ್ಣು ಒರೆಸಿಕೊಂಡು.

ಬಿಚ್ಚಿ, ತಿರುಗಿಸಿ, ತಲೆಯ ಮೇಲಿಂದ ಹಾಕಿದರು. ಮಾಮಾ ಹೆಗಲನ್ನು ಒಂದಿಷ್ಟು ಮುಂದೆ ತಂದರು. ಕೊಕ್ಕೆ ಬಾಯಿ ತೆರೆಯಿತು. ಬಿಟ್ಟರು, ಟಕ್ ಎಂದು ಮುಚ್ಚಿತು. ಮತ್ತೆ ತೆರೆದರು. ಪರದೆಯ ಮೇಲೆ ಆ ಮನುಷ್ಯನ ಬೆನ್ನು ಹಾಗೆಯೇ ನಿಂತಿತ್ತು.

ಪ್ಲೇಯರನ್ನು ಅವರ ಮನೆಯಲ್ಲೇ ಬಿಟ್ಟು ಬಂದೆ. ಹುಟ್ಟು ಹಿಡಿಯುವುದನ್ನು ಆ ಡಿಸ್ಕಿನಲ್ಲಿ ಯಾರೂ ಕಲಿಸಿರಲಿಲ್ಲ. ಅದನ್ನು ಮಾಮಾ ನೀರಿನ ತೊಟ್ಟಿಯಲ್ಲಿ ಕೋಲು ತಿರುವಿ ತಾವೇ ಕಲಿತರು ಎಂದು ಅಕ್ಕ ಆಮೇಲೆ ಹೇಳಿದರು.

ಪೂಜೆಯ ದಿನ ನನ್ನನ್ನೂ ಕರೆದಿದ್ದರು. ಅಂಗಡಿ ಮುಚ್ಚಿ ಹೋದೆ. ಗಾಣದ ಸಾವಕಾರರು ಜೈನರು, ಹಿರಿಯರು, ಬಿಳಿ ಟೊಪ್ಪಿಗೆ ಹಾಕಿಕೊಂಡು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದರು. ಪೂಜೆ ಮುಗಿದು ಒಲೆ ಹೊತ್ತಿತ್ತು. ಆ ಗಾಣದಲ್ಲಿ ಒಂದು ರೂಢಿ. ಮೊದಲನೇ ಕೊಪ್ಪರಿಗೆ ಇಳಿಯುವತನಕ ಹೆಂಗಸರು ಒಲೆಮನೆಯ ಹೊಸ್ತಿಲು ದಾಟುವುದಿಲ್ಲ. ಅಕ್ಕ ಉಳಿದ ಹೆಂಗಸರ ಜೊತೆ ಹೊರಗೆ ನಿಂತಿದ್ದರು. ಗಂಡಸರು ಕಾಲಲ್ಲಿ ಏನೂ ಹಾಕದೆ ಒಳಗೆ ಹೋಗಬೇಕು. ನಾನೂ ಚಪ್ಪಲಿ ಬಿಟ್ಟು ಒಂದು ಮೂಲೆಗೆ ನಿಂತೆ.

ಮಾಮಾ ಬರಿಮೈಯಲ್ಲಿ ನಿಂತಿದ್ದರು. ಬೆಂಡೆ ಗಿಡದ ಲೋಳೆ ಹಾಕಿದ ಮೇಲೆ ಹೊಲಸೆಲ್ಲ ನೊರೆಯಾಗಿ ಮೇಲೆ ಬಂತು. ಅದನ್ನು ತೆಗೆದರು. ಹಾಲು ಹಳದಿಯಾಗಿ, ಆಮೇಲೆ ಕೆಂಪಾಗಿ, ದಪ್ಪ ಗುಳ್ಳೆ ಏಳತೊಡಗಿತು. ಬಲಗೈ ಹುಟ್ಟಿನ ಮೇಲ್ತುದಿಯಲ್ಲಿ, ಕೊಕ್ಕೆ ನಡುವೆ. ಮೊದಮೊದಲು ಗಾಣದ ಆಳುಗಳು ಕೊಕ್ಕೆಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನೋಡುವುದನ್ನು ಬಿಟ್ಟರು.

ಕೊಪ್ಪರಿಗೆ ಇಳಿಸುವಾಗ ಗುಳವ್ಯಾನಿಗೆ ಇನ್ನೊಂದು ಕೆಲಸ ಇದೆ. ಆಳುಗಳು ಕೊಪ್ಪರಿಗೆಯನ್ನು ಜಗ್ಗಿ ಪಕ್ಕದ ತೊಟ್ಟಿಗೆ ವಾಲಿಸುವಾಗ, ಅವನು ಹುಟ್ಟಿನಿಂದ ಪಾಕವನ್ನು ಬಳಿದು ಕೆಡವಬೇಕು. ಆಗ ಹಿಡಿತವನ್ನು ಹಿಡಿಕೆಯ ಹಿಂದಿನ ತುದಿಗೆ ಸರಿಸಿಕೊಳ್ಳಬೇಕು. ನಡುವೆ ಹಿಡಿದರೆ ಕುದಿಯುವ ಪಾಕದ ಮೇಲೆಯೇ ಬಾಗಬೇಕಾಗುತ್ತದೆ.

ಮಾಮಾ ಬಲಗೈ ಬೆರಳುಗಳನ್ನು ತಣ್ಣೀರಿನಲ್ಲಿ ಅದ್ದಿ, ಹುಟ್ಟಿಗೆ ಅಂಟಿದ ಪಾಕವನ್ನು ಚಿವುಟಿ ನೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡಿದರು. ಹದ ಹತ್ತಿರ ಬಂದಿತ್ತು. ಆಳುಗಳು ಕೊಪ್ಪರಿಗೆಯ ಕಡೆ ಬಂದು ನಿಂತರು. ಮಾಮಾ ಕೊಕ್ಕೆ ಹಿಂದೆ ಸರಿಸಲು ಹೆಗಲು ಮುಂದೆ ತಂದರು. ತೆರೆಯಲಿಲ್ಲ. ಮತ್ತೆ ತಂದರು. ಬೆವರಿಗೆ ಪಟ್ಟಿ ಒದ್ದೆಯಾಗಿ ಬಕ್ಕಲಿನಲ್ಲಿ ಜಾರಿ ಸಡಿಲಾಗಿತ್ತು. ಬೆನ್ನ ಮೇಲಿನ ಬಕ್ಕಲು ಅವರ ಕೈಗೆ ಎಟುಕುವಂತಿರಲಿಲ್ಲ. ಕೊಕ್ಕೆ ಹುಟ್ಟನ್ನು ಕಚ್ಚಿ ಹಿಡಿದುಬಿಟ್ಟಿತ್ತು.

ಆಳುಗಳು ಅವರ ಬಾಯಿಯನ್ನೇ ನೋಡುತ್ತಿದ್ದರು. "ಇಳಸ್ರಿ" ಅಂದರೆ ಅವರು ವಾಲಿಸುತ್ತಾರೆ. ಅನ್ನದಿದ್ದರೆ ಪಾಕ ಹೊತ್ತುತ್ತದೆ. ಸಾವಕಾರರು ಕಟ್ಟೆಯಿಂದ ಎದ್ದು ನಿಂತರು. ನಾನು ಮೂಲೆಯಿಂದ ಹೊರಟೆ, ಆದರೆ ನಡುವೆ ಒಲೆಯ ಬಾಯಿ ಇತ್ತು, ಸುತ್ತಿ ಹೋಗಬೇಕಿತ್ತು.

ನಾನು ತಲುಪುವ ಮೊದಲೇ ಅಕ್ಕ ಹೊಸ್ತಿಲು ದಾಟಿ ಒಳಗೆ ಬಂದಿದ್ದರು. ಯಾರ ಕಡೆಗೂ ನೋಡಲಿಲ್ಲ. ಹಿಂದಿನಿಂದ ಹೋಗಿ ಬಕ್ಕಲು ಹಿಡಿದು ಪಟ್ಟಿಯನ್ನು ಜಗ್ಗಿ ಬಿಗಿದರು.

"ಹೂಂ," ಅಂದರು, ಅಷ್ಟೇ.

ಮಾಮಾ ಹೆಗಲು ಮುಂದೆ ತಂದರು. ಕೊಕ್ಕೆ ತೆರೆಯಿತು. ಹಿಡಿತ ಹಿಂದಕ್ಕೆ ಸರಿಯಿತು. ಅಕ್ಕ ಪಟ್ಟಿಯನ್ನು ಹಿಡಿದುಕೊಂಡೇ ಅವರ ಬೆನ್ನ ಹಿಂದೆ ನಿಂತಿದ್ದರು.

"ಇಳಸ್ರಿ!" ಮಾಮಾ ಕೂಗಿದರು.

ಕೊಪ್ಪರಿಗೆ ವಾಲಿತು. ಪಾಕವೆಲ್ಲ ತೊಟ್ಟಿಗೆ ಇಳಿಯಿತು. ಎಲ್ಲರೂ ಸಾವಕಾರರ ಕಡೆ ನೋಡುತ್ತಿದ್ದರು, ಹೊಸ್ತಿಲಿನ ಮಾತು ಈಗ ಬರುತ್ತದೆ ಎಂದು. ಅವರು ಹೊಸ್ತಿಲು ನೋಡಿದರು, ಅಕ್ಕನನ್ನು ನೋಡಿದರು. ತೊಟ್ಟಿಯ ಅಂಚಿನಿಂದ ಒಂದಿಷ್ಟು ಬಿಸಿ ಬೆಲ್ಲವನ್ನು ಎಲೆಯ ಮೇಲೆ ತೆಗೆದುಕೊಂಡು ಆರಿಸಿ ಬಾಯಿಗೆ ಹಾಕಿಕೊಂಡರು.

"ನಾಳಿ ಹೊತ್ತ ಮೂಡೂದರಾಗ ಬರ್ರಿ," ಅಂದರು. ಅಕ್ಕನ ಕಡೆ ತಿರುಗಿ, "ಇಬ್ರೂ ಬರ್ರಿ," ಅಂದರು.

ನನ್ನ ಅನುಭವ ಇಷ್ಟೇ. ಹೊರದೇಶದ ಡಿಸ್ಕೋ ಯಂತ್ರವೋ ನಿಮ್ಮೂರಿಗೆ ಬಂದು, ಇಲ್ಲಿ ನಡೆಯುವುದಿಲ್ಲ ಎಂದು ನಿಂತುಬಿಟ್ಟಾಗ ನೀವು ಏನು ಮಾಡಿದಿರಿ, ಯಾರ ಮನೆ ಬಾಗಿಲು ತಟ್ಟಿದಿರಿ, ಕಡೆಗೆ ಆಯಿತೋ ಇಲ್ಲವೋ, ದಯವಿಟ್ಟು ಬರೆಯಿರಿ. ಆಗದೇ ಹೋಗಿದ್ದರೂ ಬರೆಯಿರಿ. ನಾನು ಟೈಪ್ ಮಾಡುವುದು ನಿಧಾನ, ಆದರೆ ಓದುವುದನ್ನು ಬಿಡುವುದಿಲ್ಲ.